ಟೈರು ನನ್ನದು, ನಟ್ಟು ಅವರದು

ಶಿವಮೊಗ್ಗದ ಆ ಟೈರಂಗಡಿಯವನು ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಗಾಡಿ ಓಡಿಸಿಕೊಂಡು ಹೋದವಳು ನಾನು. ಹಿಂದೆ ಚರಂಡಿ, ಪಕ್ಕದಲ್ಲಿ ಎಳನೀರಿನ ತಳ್ಳುಗಾಡಿ, ಆ ಇಕ್ಕಟ್ಟಿನಲ್ಲಿ ಹಿಂದೆ ತೆಗೆದು ಸರಿಯಾಗಿ ನಿಲ್ಲಿಸಿದವಳೂ ನಾನೇ. ಕೀಲಿ ನನ್ನ ಬೆರಳಿನಲ್ಲೇ ತೂಗಾಡುತ್ತಿತ್ತು. ಆದರೂ ಅವನು ನನ್ನನ್ನು ಕಂಬ ಬಳಸಿ ಹೋಗುವ ಹಾಗೆ ಬಳಸಿ ಹೋಗಿ, ಎಡಗಡೆ ಬಾಗಿಲಿನಿಂದ ನಿಧಾನವಾಗಿ ಇಳಿಯುತ್ತಿದ್ದ ನನ್ನ ಗಂಡನಿಗೆ ಕೈಮುಗಿದು, "ಬನ್ನಿ ಸಾರ್, ಯಾವ್ ಸೈಜ್ ಹಾಕೋಣ?" ಎಂದ.

ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ನಡುವೆಯೇ ಆಯುಷ್ಯ ಕಳೆದ ಮನುಷ್ಯ. ಮೊದಲು ಸೈಕಲ್ಲು, ಆಮೇಲೆ ಸ್ಕೂಟರು, ಈಗ ನಡಿಗೆ. ನಾಲ್ಕು ಚಕ್ರದ ಗಾಡಿಯ ಸ್ಟೇರಿಂಗ್ ಹಿಡಿಯುವ ಆಸೆ ಅವರಿಗೆ ಯಾವತ್ತೂ ಆಗಿದ್ದಿಲ್ಲ. ಅವರು ಪಾಪ, ನೆಟ್ಟಗೆ ಹೇಳಿದರು: "ನಂಗೇನ್ ಗೊತ್ತು ಮಾರಾಯ, ಓಡ್ಸೋಳು ಅವ್ಳು. ಅವ್ಳನ್ನೇ ಕೇಳು." ಅಂಗಡಿಯವನು ಅದನ್ನು ತಮಾಷೆ ಎಂದುಕೊಂಡು ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಅಷ್ಟು ಉರಿಯಿತು ಎಂದು ತಿಳಿಯಬೇಕಾದರೆ ಆ ಗಾಡಿಯನ್ನು ನಾನು ಯಾಕೆ ಕೊಂಡೆ ಎನ್ನುವುದು ಗೊತ್ತಿರಬೇಕು.

ನಾನು ದನದ ಡಾಕ್ಟರು. ಸರ್ಕಾರಿ ಕೆಲಸದಲ್ಲಿದ್ದಷ್ಟು ವರ್ಷವೂ ಆಯನೂರಿನ ಆಚೀಚೆಯ ಹಳ್ಳಿಗಳಲ್ಲೇ ಹೆಚ್ಚು ತಿರುಗಿದವಳು. ತಿರುಗಿದವಳು ಎನ್ನುವುದಕ್ಕಿಂತ ತಿರುಗಲು ಕಾದವಳು ಎಂದರೆ ಸರಿ. ಜೀಪು ಇದ್ದ ದಿನ ಡ್ರೈವರ್ ಇರುತ್ತಿರಲಿಲ್ಲ. ಡ್ರೈವರ್ ಬಂದ ದಿನ ಡೀಸೆಲ್ ಇರುತ್ತಿರಲಿಲ್ಲ. ಎರಡೂ ಇದ್ದ ದಿನ ಮೇಲಿನ ಸಾಹೇಬರಿಗೆ ಮೀಟಿಂಗ್ ಇರುತ್ತಿತ್ತು. ಎಮ್ಮೆ ಕರು ಹಾಕುವಾಗ ಜೀಪಿನ ಪುರುಸೊತ್ತು ಕೇಳುವುದಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಗಂಡಸು ಯಾವುದಾದರೂ ಗಾಡಿ ತರಲಿ ಎಂದು ದಾರಿ ನೋಡುತ್ತಾ ಕೂತಿದ್ದೇನೆ. ಹಾಗೆ ಕೂತಾಗ ಸತ್ತ ಜೀವಗಳು ನನಗೆ ಒಂದೊಂದೂ ನೆನಪಿವೆ. ಬಿಳಿ ಚುಕ್ಕೆಯ ಹಸು, ಕೊಂಬು ಮುರಿದ ಎಮ್ಮೆ, ಹೀಗೆ.

ನಿವೃತ್ತಿಯಾದ ಮೇಲೂ ಜನ ಫೋನ್ ಮಾಡುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ನಾನು ಕಾರು ಕಲಿತಿದ್ದೆ. ಹಳೆಯದೊಂದು ನಾಲ್ಕೂ ಚಕ್ರ ಎಳೆಯುವ ಎತ್ತರದ ಗಾಡಿ ಕೊಂಡೆ. ಇನ್ನು ಮುಂದೆ ಬ್ಯಾಗು ಹಿಡಿದು ಯಾರಿಗೂ ಕಾಯುವುದಿಲ್ಲ, ಕರೆದ ಕೊಟ್ಟಿಗೆಗೆ ನಾನೇ ಹೋಗುತ್ತೇನೆ, ನಾನೇ ಬರುತ್ತೇನೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದವರಿಗೆಲ್ಲ, ಈ ವಯಸ್ಸಿನಲ್ಲಿ ಅಲ್ಲದೆ ಇನ್ಯಾವಾಗ ಎಂದು ಉತ್ತರ ಕೊಟ್ಟೆ.

ಗಾಡಿಯೇನೋ ಚೆನ್ನಾಗಿತ್ತು. ಅದರ ಕಾಲು ಮಾತ್ರ ಕೆಟ್ಟಿತ್ತು. ಮೊದಲಿನ ಮಾಲೀಕ ಶೋಕಿ ಮನುಷ್ಯ ಇರಬೇಕು. ದೊಡ್ಡ ದೊಡ್ಡ ಹೊಳೆಯುವ ಅಲಾಯ್ ಚಕ್ರ ಹಾಕಿಸಿ, ಅದರ ಸುತ್ತ ಬಳೆಯಷ್ಟು ತೆಳ್ಳಗಿನ ಟೈರು ಏರಿಸಿದ್ದ. ಮೇಲೆ ಥಳುಕು, ಒಳಗೆ ಹುಳುಕು. ಮೊದಲ ಮಳೆಗೆ ಆಯನೂರಿನಾಚೆಯ ಮಣ್ಣಿನ ಏರಿನಲ್ಲಿ ಅದು ಕೆಸರು ಮೆತ್ತಿಕೊಂಡು, ಎಣ್ಣೆ ಹಚ್ಚಿದ ಕಾವಲಿಯ ಮೇಲಿನ ದೋಸೆಯ ಹಾಗೆ ಜಾರಿ ಚರಂಡಿಗೆ ಇಳಿಯಿತು. ಟ್ರ್ಯಾಕ್ಟರ್ ಕರೆಸಿ ಎಳೆಸಿದೆ. ಎಳೆದವನು ಇಡೀ ಹೊತ್ತು ಬಾಯಿಗೆ ಟವೆಲ್ ಒತ್ತಿಕೊಂಡಿದ್ದ. ನಗುತ್ತಿದ್ದ ಎಂದು ನನಗೆ ಗೊತ್ತು.

ಆದ್ದರಿಂದ ಟೈರಿನ ವಿಚಾರವನ್ನು ನಾನು ಸುಮ್ಮನೆ ತೆಗೆದುಕೊಂಡವಳಲ್ಲ. ನವುಲೆಯ ಕಡೆ ಹೊಲದ ಕೆಲಸಕ್ಕೆ ಜೀಪು ಓಡಿಸುವವರನ್ನು ಕೇಳಿದೆ, ಮರದ ಲಾರಿಯವರನ್ನು ಕೇಳಿದೆ, ರಾತ್ರಿ ಕನ್ನಡಕ ಏರಿಸಿಕೊಂಡು ಫೋನಿನಲ್ಲಿ ಓದಿದೆ. ನನ್ನ ದಾರಿ ಯಾವುದು? ಭದ್ರಾವತಿಯಿಂದ ಶಿವಮೊಗ್ಗ, ಶಿವಮೊಗ್ಗದಿಂದ ಆಯನೂರು ಪೂರಾ ಡಾಂಬರು. ಅಲ್ಲಿಂದಾಚೆ ಮಣ್ಣು, ಜಂಬಿಟ್ಟಿಗೆ ಕಲ್ಲು, ಗದ್ದೆಯ ಅಂಚು. ಬರೀ ಕೆಸರಿಗೆಂದೇ ಮಾಡಿದ ದಪ್ಪ ಬಟನ್ನಿನಂಥ ಉಬ್ಬುಗಳ ಟೈರು ಹಾಕಿದರೆ ಡಾಂಬರಿನಲ್ಲಿ ಹಿಟ್ಟಿನ ಗಿರಣಿಯ ಸದ್ದು, ಮಳೆಯಲ್ಲಿ ಬ್ರೇಕು ಹಿಡಿಯಲು ಹಿಂದೆಮುಂದೆ ನೋಡುತ್ತದೆ. ಬರೀ ಡಾಂಬರಿನ ಟೈರು ಹಾಕಿದರೆ ಚರಂಡಿ. ಎರಡಕ್ಕೂ ಆಗುವಂಥದ್ದು, ಆಲ್ ಟೆರೇನ್ ಎನ್ನುತ್ತಾರಲ್ಲ, ಅದೇ ಬೇಕು. ಅದೂ ತೀರಾ ಅಗಲ ಬೇಡ. ನಮ್ಮ ಕೆಸರಿನಲ್ಲಿ ಅಗಲದ ಟೈರು ತೇಲುತ್ತದೆ, ಕಿರಿದಾದದ್ದು ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಚಕ್ರ ಚಿಕ್ಕದಿರಬೇಕು, ಟೈರಿನ ಪಕ್ಕೆ ಎತ್ತರ ಇರಬೇಕು, ಕಲ್ಲಿಗೆ ಬಡಿದರೆ ಪೆಟ್ಟನ್ನು ರಬ್ಬರು ತಿನ್ನಬೇಕೇ ಹೊರತು ಚಕ್ರ ತಿನ್ನಬಾರದು. ಚಕ್ರವೂ ಕಬ್ಬಿಣದ್ದೇ ಆಗಬೇಕು. ಅಲಾಯ್ ಪೆಟ್ಟು ಬಿದ್ದರೆ ಸೀಳುತ್ತದೆ, ಕಬ್ಬಿಣ ಬಗ್ಗುತ್ತದೆ. ಬಗ್ಗಿದ್ದನ್ನು ಬಡಿದು ನೆಟ್ಟಗೆ ಮಾಡಬಹುದು.

ಇಷ್ಟನ್ನೂ ನಾನು ಅಂಗಡಿಯಲ್ಲಿ ಹೇಳಿದೆ. ಅಂಗಡಿಯವನು ತಲೆಯಾಡಿಸುತ್ತಾ ಕೇಳಿ, ನನ್ನ ಮಾತು ಮುಗಿದ ಮೇಲೆ ನನ್ನ ಗಂಡನ ಕಡೆ ತಿರುಗಿ, ಇನ್ನೂ ದೊಡ್ಡ ಅಲಾಯ್ ಬಂದಿದೆ, ಇನ್ನೂ ಅಗಲದ ಟೈರು ಬಂದಿದೆ, ಹಾಕಿಸಿ ಗಾಡಿ ರೋಡಿಗಿಳಿದರೆ ಜನ ತಿರುಗಿ ನೋಡಬೇಕು, ಆ ಥರ ಇರುತ್ತದೆ ಎಂದು ವರ್ಣನೆ ಶುರು ಮಾಡಿದ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎನ್ನುವುದು ಇದಕ್ಕೇ. ಯಾರು ತಿರುಗಿ ನೋಡಬೇಕು? ಎಮ್ಮೆಯೇ? ಕೊನೆಗೆ ನನಗೂ ಒಂದು ಪಾಲು ಕೊಡೋಣ ಎನಿಸಿರಬೇಕು, "ಮೇಡಮ್ ಕಲರ್ ಹೇಳ್ಲಿ ಸಾರ್, ಬ್ಲಾಕಾ ಸಿಲ್ವರ್ರಾ ಅಂತ" ಎಂದ.

"ಕಲರ್ ಹೆಂಗೂ ಕೆಸರಿನ್ದೇ ಆಗತ್ತೆ," ಎಂದೆ. "ನೀವು ನಾನ್ ಹೇಳಿದ್ ಟೈರ್ ತೋರ್ಸಿ. ಇಲ್ಲಾಂದ್ರೆ ಇಲ್ಲ ಅನ್ನಿ."

ತೋರಿಸಿದ. ಇಲ್ಲದೇನಿರಲಿಲ್ಲ, ಒಳಗಡೆ ಇತ್ತು. ಕಬ್ಬಿಣದ ಚಕ್ರ, ಅವನ ಭಾಷೆಯಲ್ಲಿ ಡಿಸ್ಕ್, ಅದನ್ನು ಮಾತ್ರ ನಮ್ಮಲ್ಲಿ ಇಡುವುದೇ ಇಲ್ಲ, ಅದನ್ನೆಲ್ಲ ಬಾಡಿಗೆ ಟ್ಯಾಕ್ಸಿಯವರು ಹಾಕಿಸುವುದು ಎಂದು ಮೂಗು ಮುರಿದ. ಆಗ ಮಾತ್ರ ನನ್ನ ಗಂಡನ ಮುಖ ಕೆಂಪಾಯಿತು. ಭದ್ರಾವತಿಯವರ ಎದುರು ಕಬ್ಬಿಣವನ್ನು ಹಗುರವಾಗಿ ಮಾತಾಡಬಾರದು. ಅದು ಅವರಿಗೆ ಮನೆ ಹೆಣ್ಣುಮಗಳನ್ನು ಆಡಿಕೊಂಡ ಹಾಗೆ. ಅಲ್ಲಿಯವರೆಗೆ ಸುಮ್ಮನಿದ್ದವರು, ಕಬ್ಬಿಣದ ಡಿಸ್ಕ್ ನಾನೇ ತರುತ್ತೇನೆ, ನೀನು ಟೈರು ಏರಿಸಿಕೊಡು ಸಾಕು ಎಂದುಬಿಟ್ಟರು. ನಾನು ಅಷ್ಟು ಹೊತ್ತು ಹೇಳಿದರೂ ಒಪ್ಪದವನು ಅವರ ಒಂದು ಮಾತಿಗೆ ಆಯಿತು ಸಾರ್ ಎಂದ.

ಡಿಸ್ಕ್ ತರಲು ನಾವಿಬ್ಬರೂ ಭದ್ರಾವತಿಯ ಹಳೆ ಸಾಮಾನಿನ ಅಂಗಡಿಗೆ ಹೋದದ್ದು ನನಗೆ ಇಷ್ಟದ ನೆನಪು, ಅದನ್ನೂ ಹೇಳಬೇಕು. ಅಂಗಡಿಯ ತಮಿಳು ಮುದುಕನಿಗೆ ಇವರು ಕಾರ್ಖಾನೆಯ ಕಾಲದ ಪರಿಚಯ. ಇಬ್ಬರೂ ಒಂದೊಂದೇ ಡಿಸ್ಕನ್ನು ನೆಲದ ಮೇಲೆ ಬುಗುರಿಯ ಹಾಗೆ ತಿರುಗಿಸಿ, ಕಿವಿಗೊಟ್ಟು ಕೇಳಿ, ಇದು ಬೇಡ, ಇದು ಇರಲಿ ಎಂದು ಆರಿಸಿದರು. ಮದುವೆ ಸೀರೆಗೂ ಅವರು ಅಷ್ಟು ಹೊತ್ತು ನಿಂತವರಲ್ಲ. ಸ್ಟೆಪ್ನಿಗೂ ಸೇರಿಸಿ ಒಂದೇ ಜಾತಿಯವು ಸಿಕ್ಕವು. ಮನೆಗೆ ತಂದು ತಾವೇ ಉಜ್ಜಿ ಕಪ್ಪು ಬಣ್ಣ ಬಳಿದರು. ಆ ವಾರ ನಮ್ಮ ಮನೆಯಲ್ಲಿ ಜಗಳವೇ ಆಗಲಿಲ್ಲ.

ಟೈರು ಏರಿಸಿ ಗಾಡಿಗೆ ಹಾಕಿದ ದಿನ, ಅಂಗಡಿಯವನು ಕೊನೆಯದಾಗಿ ಒಂದು ಮಾತು ಹೇಳಿದ. ಈಗಷ್ಟೇ ಹಾಕಿದ ಡಿಸ್ಕ್ ಅಲ್ಲವೇ, ಸ್ವಲ್ಪ ಓಡಿಸಿದ ಮೇಲೆ ನಟ್ಟುಗಳ ಬಿಗಿ ಒಂದು ಸಲ ನೋಡಿಕೊಳ್ಳಬೇಕು ಎಂದು. ಒಳ್ಳೆಯ ಮಾತೇ. ಆದರೆ ಅದನ್ನೂ ನನ್ನ ತಲೆಯ ಮೇಲಿಂದ ನನ್ನ ಗಂಡನಿಗೆ ಹೇಳಿದ. ಅವರು ಅದನ್ನು ತಮಗೆ ವಹಿಸಿದ ಕೆಲಸ ಎಂದು ತೆಗೆದುಕೊಂಡರು. ಆಮೇಲೆ ಆದದ್ದಕ್ಕೆಲ್ಲ ಬೀಜ ಬಿದ್ದದ್ದು ಅಲ್ಲಿ.

ಟೈರುಗಳ ಬಗ್ಗೆ ನನಗೆ ಈಗಲೂ ಒಂದೇ ಒಂದು ದೂರಿಲ್ಲ. ಸಕ್ರೆಬೈಲಿನ ಕಡೆ ಹಿನ್ನೀರಿನ ಅಂಚಿನ ಮನೆಯೊಂದಕ್ಕೆ ಕಾಲುಬಾಯಿ ಬೇನೆಯ ದನ ನೋಡಲು ಹೋಗಿ, ಸಂಜೆ ಮಳೆ ಹೊಯ್ದು ದಾರಿಯೇ ರಾಡಿಯಾದಾಗ, ಟೈರಿನ ಗಾಳಿ ಸ್ವಲ್ಪ ಇಳಿಸಿ, ಸಣ್ಣ ಗೇರಿನಲ್ಲಿ ಒಂದೇ ಸಮ ಹತ್ತಿಸಿಕೊಂಡು ಬಂದೆ. ಅಂದು ಒಬ್ಬಳೇ ಗಾಡಿಯೊಳಗೆ ಜೋರಾಗಿ ಹಾಡು ಹೇಳಿಕೊಂಡೆ. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಹಾಡಿದೆ.

ಈಗ ನನ್ನ ಗಂಡನ ಕೈಯ ಬಗ್ಗೆ ಹೇಳಬೇಕು. ಅವರು ಮುಚ್ಚಿದ ಡಬ್ಬಿಯ ಮುಚ್ಚಳವನ್ನು ಮತ್ತೊಬ್ಬರು ತೆಗೆಯಲಾಗುವುದಿಲ್ಲ. ಉಪ್ಪಿನಕಾಯಿ ಬಾಟಲಿ, ಫ್ಲಾಸ್ಕು, ಗ್ಯಾಸಿನ ರೆಗ್ಯುಲೇಟರು, ಬಚ್ಚಲಿನ ನಲ್ಲಿ, ಯಾವುದನ್ನಾದರೂ ಅವರು ತಿರುಗಿಸಿದರೆ ಮುಗಿಯಿತು. ಅಡುಗೆಮನೆಯಿಂದ ನಾನು "ರೀ, ಬನ್ನಿ ಇಲ್ಲಿ" ಎಂದು ಕೂಗಬೇಕು. ಅವರು ಪೇಪರು ಮಡಚಿಟ್ಟು, ಸಾವಕಾಶವಾಗಿ ಬಂದು, ಒಂದು ಕೈಯಲ್ಲಿ ಪಟ್ ಎಂದು ತೆಗೆದುಕೊಟ್ಟು, ಏನೂ ಆಗದವರ ಹಾಗೆ ಹೋಗುತ್ತಾರೆ. ಏನೂ ಆಗದವರ ಹಾಗೆ ಎಂದೆ, ಆದರೆ ಹೋಗುವಾಗ ಅವರ ನಡಿಗೆಯೇ ಬೇರೆ ಇರುತ್ತದೆ.

ಇದೆಲ್ಲ ಆಯುಧಪೂಜೆಯ ದಿನ ವಿಪರೀತಕ್ಕೆ ಹೋಗುತ್ತದೆ. ಭದ್ರಾವತಿಯಲ್ಲಿ ಆಯುಧಪೂಜೆ ಎಂದರೆ ಮನೆಯ ಹಬ್ಬವಲ್ಲ, ಕಾರ್ಖಾನೆಯ ಹಬ್ಬ. ಅವರ ಕಾಲದಲ್ಲಿ ಪೂಜೆಯ ಹಿಂದಿನ ದಿನ ಪ್ರತಿ ವಿಭಾಗದವರೂ ತಮ್ಮ ತಮ್ಮ ಯಂತ್ರ ಒರೆಸಿ, ಎಣ್ಣೆ ಬಿಟ್ಟು, ಒಂದು ನಟ್ಟೂ ಬಿಡದೆ ಬಿಗಿ ಮಾಡುತ್ತಿದ್ದರಂತೆ. ಸಡಿಲ ನಟ್ಟಿನ ಯಂತ್ರಕ್ಕೆ ಕುಂಕುಮ ಇಟ್ಟರೆ ಅಪಚಾರ. ಕಾರ್ಖಾನೆ ಬಿಟ್ಟು ಬಂದರೂ ಅವರು ಆ ಪದ್ಧತಿ ಬಿಡಲಿಲ್ಲ. ನಟ್ಟು ಬಿಚ್ಚುವ ಪಾನಾಕ್ಕೆ ಸಿಕ್ಕಿಸಿ ಜಗ್ಗುವ ಒಂದು ಉದ್ದನೆಯ ಕಬ್ಬಿಣದ ಪೈಪು ಅವರ ಹತ್ತಿರ ಇದೆ. ಹಬ್ಬದ ದಿನ ಅದು ಅಟ್ಟದಿಂದ ಇಳಿಯುತ್ತದೆ. ಮಂಚದ ಬೋಲ್ಟು, ಫ್ಯಾನಿನ ಕೊಂಡಿ, ಗೇಟಿನ ತಿರುಗಣಿ ಎಲ್ಲಕ್ಕೂ ವರ್ಷದ ಬಿಗಿ ಆಗುತ್ತದೆ. ಆಮೇಲೆ ಪೈಪಿಗೆ ಅರಿಸಿನ ಕುಂಕುಮ ಹಚ್ಚಿ, ಹೂವು ಸುತ್ತಿ, ದೇವರ ಮುಂದೆ ಇಡುತ್ತಾರೆ.

ಆ ಸಲ ಗಾಡಿಗೂ ಪೂಜೆ. ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ನಾನು ಗಾಡಿ ಮುಂದೆ ಬಿಟ್ಟೆ, ನಿಂಬೆಹಣ್ಣು ಚಟಪಟ ಒಡೆದವು, ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಅದಕ್ಕೂ ಮೊದಲು, ನಾನು ಒಳಗೆ ಕೋಸಂಬರಿಗೆ ಹೆಸರುಬೇಳೆ ತೊಳೆಯುತ್ತಿದ್ದಾಗ, ಹೊರಗಿನಿಂದ ಅವರು ಉಸಿರು ಕಟ್ಟಿ "ಹೂಂ, ಹೂಂ" ಎನ್ನುವುದು ಕೇಳಿಸಿತ್ತು. ಏನು ಮಾಡುತ್ತಿದ್ದೀರಿ ಎಂದು ಕೂಗಿದ್ದಕ್ಕೆ, ಟೈರಂಗಡಿಯವನು ಹೇಳಿದ್ದನಲ್ಲ, ಅದನ್ನೇ ಎಂದರು.

ಹಬ್ಬ ಕಳೆದು ಚಿತ್ತಾ ಮಳೆ ಹಿಡಿದಿತ್ತು. ಒಂದು ಮಧ್ಯಾಹ್ನ ಆಯನೂರಿನಾಚೆಯ ಹಳ್ಳಿಯ ಹೆಂಗಸೊಬ್ಬಳು ಫೋನ್ ಮಾಡಿದಳು. ಎಮ್ಮೆ ಸಾಕಿ ಹಾಲು ಹಾಕಿ ಮನೆ ನಡೆಸುವವಳು, ನನಗೆ ಹಳೆಯ ಪರಿಚಯ. ಅವಳ ಚೊಚ್ಚಲು ಎಮ್ಮೆ ಬೆಳಗಿನಿಂದ ತಿಣುಕುತ್ತಿದೆ, ಒಂದು ಕಾಲು ಮಾತ್ರ ಹೊರಗೆ ಕಾಣಿಸುತ್ತಿದೆ ಎಂದಳು. ಕರುವಿನ ಇನ್ನೊಂದು ಕಾಲು ಒಳಗೇ ಮಡಚಿಕೊಂಡಿದೆ ಎಂದು ಫೋನಿನಲ್ಲೇ ಗೊತ್ತಾಯಿತು. ಕೈ ಹಾಕಿ ನೆಟ್ಟಗೆ ಮಾಡಿದರೆ ಬದುಕುತ್ತದೆ, ತಡವಾದರೆ ಇಲ್ಲ. ಯಾರೂ ಎಳೆಯಬೇಡಿ, ಬಂದೆ ಎಂದು ಹೇಳಿ ಹೊರಟೆ. ಯಾರನ್ನೂ ಕಾಯಬೇಕಾಗಿರಲಿಲ್ಲ. ಅದನ್ನು ಯೋಚಿಸಿಕೊಂಡೇ ಖುಷಿಯಾಗಿ ಓಡಿಸಿದೆ.

ಡಾಂಬರು ಬಿಟ್ಟು ಮಣ್ಣಿನ ದಾರಿಗಿಳಿದು ಸ್ವಲ್ಪ ದೂರ ಹೋಗಿರಬಹುದು. ಎದುರಿನಿಂದ ಜಲ್ಲಿಯ ಟಿಪ್ಪರು ಬಂತು. ಅದು ಸರಿಯುವ ಜಾತಿಯದಲ್ಲ, ನಾನೇ ಸರಿದೆ. ದಾರಿಯ ಅಂಚಿನಲ್ಲಿ ಯಾರೋ ಬಿದಿರು ಕಡಿದು ಮೋಟು ಹಾಗೇ ಬಿಟ್ಟಿದ್ದರು, ಚೂಪಾಗಿ, ಓರೆಯಾಗಿ. ಹಿಂದಿನ ಎಡಗಡೆಯ ಟೈರಿನ ಪಕ್ಕೆಗೆ ಅದು ನೇರ ಹೊಕ್ಕಿತು. ಯಾವ ಟೈರಾದರೂ ಅಷ್ಟೇ. ಬುಸ್ ಎಂದು ಕೂತಿತು.

ನನಗೆ ಗಾಬರಿಯೇ ಆಗಲಿಲ್ಲ. ಇದಕ್ಕೆಲ್ಲ ತಯಾರಿದ್ದವಳು ನಾನು. ಸ್ಟೆಪ್ನಿಗೂ ಅದೇ ಟೈರು, ಅದೇ ಕಬ್ಬಿಣದ ಡಿಸ್ಕ್. ಜಾಕು ಎಲ್ಲಿದೆ, ಎಲ್ಲಿ ಕೊಡಬೇಕು, ಎಲ್ಲ ಗೊತ್ತು. ಅಲಾಯ್ ಚಕ್ರಗಳಿದ್ದಾಗ ಮನೆಯ ಮುಂದೆ ನಾನೇ ಬಿಚ್ಚಿ ಹಾಕಿ ಅಭ್ಯಾಸ ಮಾಡಿದ್ದೆ. ಸೆರಗು ಸಿಕ್ಕಿಸಿ, ಪಾನಾ ಹಾಕಿ ಜಗ್ಗಿದೆ.

ನಟ್ಟು ಮಿಸುಕಲಿಲ್ಲ.

ಪಾನಾದ ಹಿಡಿಯ ಮೇಲೆ ಕಾಲಿಟ್ಟು ಪೂರ್ತಿ ಭಾರ ಹಾಕಿದೆ. ಹತ್ತಿ ನಿಂತೆ. ಗಾಡಿಯ ಮೈ ಹಿಡಿದುಕೊಂಡು ಕುಣಿದೆ. ಆ ವಯಸ್ಸಿನಲ್ಲಿ, ಆ ಮಳೆಯಲ್ಲಿ, ಸೀರೆಯುಟ್ಟು, ಒಂದು ಕಬ್ಬಿಣದ ಕಡ್ಡಿಯ ಮೇಲೆ. ಆರು ನಟ್ಟಿಗೂ ಅದನ್ನೇ ಮಾಡಿದೆ. ಒಂದೂ ಹೂಂ ಅನ್ನಲಿಲ್ಲ. ಆಗ ನನಗೆ ಆ ಹಬ್ಬದ ಬೆಳಗಿನ "ಹೂಂ, ಹೂಂ" ನೆನಪಾಯಿತು. ಪಿತ್ತ ನೆತ್ತಿಗೇರಿತು.

ಅಷ್ಟರಲ್ಲಿ ಬೈಕಿನಲ್ಲಿ ಇಬ್ಬರು ಬಂದು ನಿಂತರು. ಮೊದಲು ಕೇಳಿದ್ದು, ಡ್ರೈವರ್ ಎಲ್ಲಿ ಹೋದ ಎಂದು. ನಾನೇ ಡ್ರೈವರ್ ಎಂದೆ. ಹಾಗಾದರೆ ಸರಿಯಿರಿ ಅಮ್ಮಾ, ಇದು ನಿಮ್ಮ ಕೈಲಿ ಆಗುವ ಕೆಲಸವಲ್ಲ ಎಂದು ಒಬ್ಬ ಪಾನಾ ಕಿತ್ತುಕೊಂಡ. ಜಗ್ಗಿದ. ಮುಖ ಬೀಟ್ರೂಟಾಯಿತು. ಇನ್ನೊಬ್ಬ ಜಗ್ಗಿದ. ಇಬ್ಬರೂ ಸೇರಿ ಹತ್ತಿ ನಿಂತರು. ಪಾನಾ ಜಾರಿ ಒಬ್ಬ ಕೆಸರಿನಲ್ಲಿ ಕೂತ. ಹೇಳಬಾರದು, ನನಗೆ ಆ ಹೊತ್ತಿನಲ್ಲೂ ಒಂದು ಚೂರು ಸಮಾಧಾನವಾಯಿತು. ಕೂತವನು ಕೂತಲ್ಲಿಂದಲೇ, "ಯಾವ್ ರಾಕ್ಷಸ ಬಿಗಿ ಮಾಡಿದ್ದಮ್ಮ ಇದನ್ನ?" ಎಂದು ಕೇಳಿದ.

"ನಮ್ಮನೆಯವ್ರು," ಎಂದೆ.

ಫೋನ್ ಮಾಡಿದೆ. ಮಳೆಯ ಸದ್ದಿನಲ್ಲಿ ಕೂಗಿ ಕೂಗಿ ಹೇಳಿದೆ. ಅವರು ಶಾಂತವಾಗಿ, "ಬಿಚ್ಚತ್ತೆ ಮಾರಾಯ್ತಿ, ಪೈಪ್ ಹಾಕಿ ಜಗ್ಗು" ಎಂದರು.

"ಪೈಪ್ ಎಲ್ಲಿದೆ?"

ಬಹಳ ಮೆಲ್ಲಗೆ ಉತ್ತರ ಬಂತು. "ದೇವರ್ ಮುಂದೆ."

ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಗಾದೆ ಇದೆ. ನಾನು ಇಲ್ಲಿ ಕೆಸರಿನಲ್ಲಿ, ಪೈಪು ಅಲ್ಲಿ ಕುಂಕುಮ ಇಟ್ಟುಕೊಂಡು, ನಂದಾದೀಪದ ಬೆಳಕಿನಲ್ಲಿ. ಏನು ಹೇಳಿದೆನೋ ನೆನಪಿಲ್ಲ. ಬೈಕಿನವರು ದೂರ ಸರಿದು ನಿಂತದ್ದು ಮಾತ್ರ ನೆನಪಿದೆ.

ಕೊನೆಗೆ ಆದದ್ದು ಇಷ್ಟು. ನನ್ನ ಗಾಡಿಯನ್ನು ಅಲ್ಲೇ ಬಿಟ್ಟು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ನಡೆದು ಬರುತ್ತೇನೆಂದು ಒಬ್ಬ ಬಿಟ್ಟುಕೊಟ್ಟ ಜಾಗದಲ್ಲಿ, ಆ ಬೈಕಿನ ಹಿಂದೆ ಕೂತು ಹೋದೆ. ಯಾವುದನ್ನು ಇನ್ನು ಮಾಡುವುದಿಲ್ಲ ಎಂದು ಗಂಟು ಹಾಕಿಕೊಂಡಿದ್ದೆನೋ ಅದನ್ನೇ ಮಾಡಿದೆ. ದಾರಿಯಲ್ಲಿ ಬೈಕು ಎರಡು ಕಡೆ ಜಾರಿತು, ಎರಡು ಕಡೆಯೂ ಇಳಿದು ನಡೆದೆ. ನನ್ನ ಟೈರಿದ್ದಿದ್ದರೆ ಜಾರುತ್ತಿರಲಿಲ್ಲ.

ಕೊಟ್ಟಿಗೆಗೆ ಹೋದಾಗ ಎಮ್ಮೆ ಮಲಗಿಬಿಟ್ಟಿತ್ತು. ತೋಳಿನವರೆಗೆ ಸೋಪು ಹಚ್ಚಿ ಕೈ ಹಾಕಿದೆ. ಮಡಚಿದ ಕಾಲು ಸಿಕ್ಕಿತು, ನೆಟ್ಟಗಾಯಿತು. ಕಷ್ಟವೇನೂ ಇರಲಿಲ್ಲ. ಆದರೆ ನನ್ನ ಬೆರಳು ಕರುವಿನ ಬಾಯಿಗೆ ಹೋದಾಗ ಅದು ಚೀಪಲಿಲ್ಲ. ಬದುಕಿರುವ ಕರು ಒಳಗಿದ್ದಾಗಲೂ ಬೆರಳು ಚೀಪುತ್ತದೆ. ಹೊರಗೆ ತೆಗೆದೆವು. ಹೆಣ್ಣುಗರು. ಮೈ ಇನ್ನೂ ಬೆಚ್ಚಗಿತ್ತು. ಉಜ್ಜಿದೆವು, ಮೂಗಿಗೆ ಹುಲ್ಲುಕಡ್ಡಿ ಹಾಕಿದೆವು, ಹಿಂಗಾಲು ಹಿಡಿದು ತಲೆಕೆಳಗು ಮಾಡಿದೆವು. ಎಮ್ಮೆ ಕತ್ತು ಚಾಚಿ ಅದನ್ನು ನೆಕ್ಕುತ್ತಲೇ ಇತ್ತು. ತಾಯಿಗೆ ಬಾಟಲಿ ಏರಿಸಿ ಉಳಿಸಿಕೊಂಡೆ.

ಆ ಹೆಂಗಸು ನನ್ನನ್ನು ಬೈಯಲಿಲ್ಲ. ಕೈತೊಳೆಯಲು ಬಿಸಿನೀರು ಕೊಟ್ಟಳು, ಕಾಫಿ ಕೊಟ್ಟಳು. ಕೊನೆಗೆ ಒಂದೇ ಒಂದು ಮಾತು ಕೇಳಿದಳು. "ಅಷ್ಟ್ ದೊಡ್ಡ ಟೈರ್ ಹಾಕ್ಸಿದ್ರಲ್ಲ ಡಾಕ್ಟ್ರಮ್ಮ, ಮತ್ ಯಾಕ್ ತಡ ಆಯ್ತು?"

ಎಲ್ಲರ ಎದುರು ನಿಂತು, ಇದಲ್ಲ ಅದು ಎಂದು ಜಗಳವಾಡಿ, ಸರಿಯಾದ ಟೈರನ್ನೇ ಆರಿಸಿದ್ದೆ. ಸರಿಯಾದ ಚಕ್ರವನ್ನೇ ಆರಿಸಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ಸತ್ತ ಕರುವಿನ ಪಕ್ಕದಲ್ಲಿ ನಿಂತು ನನ್ನ ಗಂಡನ ಕೈ ಗಟ್ಟಿ ಎಂದು ಹೇಳುವುದೇ?

ಬೈಕಿನವನೇ ನನ್ನನ್ನು ಗಾಡಿಯ ಹತ್ತಿರ ತಂದು ಬಿಟ್ಟ. ಇನ್ನೂ ಬೆಳಕಿತ್ತು. ನನ್ನ ಗಂಡ ಅಲ್ಲಿ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಆಯನೂರಿಗೆ ಇನ್ನೊಂದು ಬಸ್ಸು, ಆಮೇಲೆ ಯಾರದೋ ಗೂಡ್ಸ್ ಆಟೋ. ಪೈಪನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಕುಂಕುಮ ಮಳೆಗೆ ಕರಗಿ ಪಂಚೆಯೆಲ್ಲ ಕೆಂಪಾಗಿತ್ತು. ಹರಿದ ಟೈರನ್ನು ಬಿಚ್ಚಿ, ಸ್ಟೆಪ್ನಿ ಕೂರಿಸಿ, ನಟ್ಟುಗಳನ್ನು ಕೈಯಲ್ಲಿ ತಿರುಗಿಸಿಟ್ಟಿದ್ದರು. ಪೈಪು ಹಾಕಿ ಬಿಚ್ಚುವಾಗ ಬಹಳ ಕಷ್ಟಪಟ್ಟಿರಬೇಕು, ಅಂಗೈ ಸುಲಿದಿತ್ತು.

ನನ್ನ ತೋಳಿನ ರಕ್ತ ನೋಡಿ, "ಕರು?" ಎಂದರು.

ನಾನು ತಲೆಯಾಡಿಸಿದೆ. ಅವರಿಗೆ ತಿಳಿಯಿತು. ಸುಲಿದ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ದಾರೀಲಿ ಚಕ್ರ ಗಿಕ್ರ ಕಳಚ್ಕೊಂಡ್ರೆ ಅಂತ... ಒಬ್ಳೇ ಓಡಾಡ್ತೀಯಲ್ಲ, ಅದಕ್ಕೆ" ಎಂದರು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೂ ಸಿಟ್ಟು ಒಂದು ಎಳೆಯೂ ಕಡಿಮೆಯಾಗಲಿಲ್ಲ. ನಾನು ಒಬ್ಬಳೇ ಓಡಾಡುತ್ತೇನೆಂದು ಹೆದರಿ, ನಾನು ಒಬ್ಬಳೇ ಓಡಾಡಲಾಗದ ಹಾಗೆ ಮಾಡಿದರಲ್ಲ!

ಜಾಕು ಇಳಿಸಿ, ಅವರು ಅಭ್ಯಾಸಬಲದಿಂದ ಪಾನಾಕ್ಕೆ ಪೈಪು ಸಿಕ್ಕಿಸಲು ಹೋದರು. ನಾನು ಪೈಪನ್ನು ಅವರ ಕೈಯಿಂದ ತೆಗೆದುಕೊಂಡೆ. ಬರೀ ಪಾನಾದಲ್ಲಿ, ನನ್ನ ಕೈಯಲ್ಲಿ, ನನ್ನ ಬಲದಲ್ಲಿ ಬಿಗಿ ಮಾಡಿದೆ. ಚಕ್ರ ಕಳಚದಿರಲು ಅಷ್ಟು ಬಿಗಿ ಧಾರಾಳವಾಗಿ ಸಾಕು. ಅವರು ಪಕ್ಕದಲ್ಲಿ ನಿಂತು "ಇನ್ನೊಂಚೂರು, ಇನ್ನೊಂಚೂರು" ಎನ್ನುತ್ತಲೇ ಇದ್ದರು.

"ನನ್ ಕೈಗೆ ಬಿಚ್ಚೋಕಾಗೋಷ್ಟೇ ಬಿಗಿ," ಎಂದೆ. "ಅದಕ್ಕಿಂತ ಜಾಸ್ತಿ ಬೇಡ."

ಆಮೇಲೆ ಉಳಿದ ಮೂರು ಚಕ್ರ. ಅವರು ಪೈಪು ಹಾಕಿ ಒಂದೊಂದೇ ನಟ್ಟನ್ನು ಸಡಿಲ ಮಾಡಿಕೊಟ್ಟರು, ನಾನು ಒಂದೊಂದನ್ನೇ ಮತ್ತೆ ಬಿಗಿ ಮಾಡಿದೆ. ಮಳೆ ನಿಂತಿತ್ತು. ಕೆಲಸ ಮುಗಿದ ಮೇಲೆ ಅವರು ಪೈಪನ್ನು ಪಂಚೆಯಲ್ಲಿ ಒರೆಸಿ, ಮಡಿಲಲ್ಲಿ ಇಟ್ಟುಕೊಳ್ಳುವವರ ಹಾಗೆ ಎತ್ತಿಕೊಂಡು ಎಡಗಡೆ ಸೀಟಿಗೆ ಹತ್ತಲು ಹೊರಟರು. ನಾನು ಕೈಚಾಚಿದೆ. ಅವರು ಕೊಡಲೋ ಬೇಡವೋ ಎಂದು ನೋಡಿ, ಕೊಟ್ಟರು. ಅದನ್ನು ಹಿಂದಿನ ಸೀಟಿನ ಕೆಳಗೆ, ಜಾಕಿನ ಪಕ್ಕ ಮಲಗಿಸಿದೆ.

ಆಯನೂರು ದಾಟಿದ ಮೇಲೆ ಅವರು ಹಿಂದಿನ ಸೀಟಿನ ಕಡೆ ತಿರುಗಿ ನೋಡಿದರು. ಡಾಂಬರಿನ ಮೇಲೆ ಟೈರು ಮೆಲ್ಲಗೆ ಗುಂಯ್ ಎನ್ನುತ್ತಿತ್ತು.

"ಪೈಪು ಇನ್ ಮೇಲೆ ಗಾಡೀಲೇ ಇರತ್ತಾ?"

"ಇಲ್ಲೇ ಇರತ್ತೆ."

"ಮನೇಲಿ ಏನಾದ್ರೂ ಬಿಚ್ಬೇಕಾದ್ರೆ?"

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಕರೀರಿ," ಎಂದೆ. "ಬರ್ತೀನಿ."